ಕಾರವಾರದ ಕಡಲಕರೆಯಲ್ಲಿ ನಾಲ್ಕು ದಿನ

ದೀಪಾವಳಿಯ ರಜೆ ಹತ್ತಿರ ಬಂದಿತೆಂದರೆ ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಒಂದು ಪಟ್ಟಿ ಸಿದ್ಧವಾಗುತ್ತದೆ. ಗೋಕರ್ಣ, ಇಡಗುಂಜಿ, ಮುರ್ಡೇಶ್ವರ, ಕೊಲ್ಲೂರು, ಉಡುಪಿ, ಧರ್ಮಸ್ಥಳ – ಎಲ್ಲವೂ ನಾಲ್ಕೇ ದಿನಗಳಲ್ಲಿ ಆಗಬೇಕು! ಬಾಡಿಗೆಯ ಮೋಟಾರಿನಲ್ಲಿ ಮಕ್ಕಳು ನಿದ್ದೆಹೋಗಿರುತ್ತವೆ. ಕಡಲು ಕಿಟಕಿಯಲ್ಲಿ ಕಾಣಿಸಿ ಮರೆಯಾಗುತ್ತದೆ. ಮರಳಿ ಬಂದವರನ್ನು ‘ಏನು ನೋಡಿದಿರಿ?’ ಎಂದು ಕೇಳಿದರೆ ಚಪ್ಪಲಿ ಬಿಟ್ಟ ಸ್ಥಳಗಳ ಹೆಸರು ಹೇಳುತ್ತಾರೆ. ದೇವರ ದರ್ಶನ ಬೇಡವೆಂದು ನನ್ನ ವಾದವಲ್ಲ. ಒಂದು ವರ್ಷವಾದರೂ ಒಂದೇ ಊರಿನಲ್ಲಿ, ಒಂದೇ ವಸತಿಗೃಹದಲ್ಲಿ ತಂಗಿ, ಕಡಲಿನ ವೇಳೆಯನ್ನು ಅನುಸರಿಸಿ ದಿನ ಕಳೆದು ನೋಡಿ ಎಂಬುದಷ್ಟೇ ಈ ಸಲದ ಸೂಚನೆ. ಅದಕ್ಕೆ ನಾನು ಆರಿಸುವ ಊರು ಕಾರವಾರ.

ಕಾರವಾರವು ಕರ್ನಾಟಕದ ಕರಾವಳಿಯ ಬಡಗಣ ತುದಿ. ಗೋವೆಯ ಗಡಿ ಅಲ್ಲಿಂದ ಸುಮಾರು ಹದಿನೈದು ಕಿಲೋಮೀಟರು. ಮುಂಬಯಿಗೂ ಅದಕ್ಕೂ ಹಳೆಯ ನಂಟು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೂ ಅಲ್ಲಿಯ ಸರಕಾರಿ ಕಾಗದಪತ್ರಗಳು ಮುಂಬಯಿಯನ್ನೇ ಎದುರು ನೋಡುತ್ತಿದ್ದವು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾದ ಮೇಲೆ ಪ್ರಯಾಣವೂ ಸುಲಭವಾಯಿತು. ಮತ್ಸ್ಯಗಂಧಾ ಗಾಡಿ ಅಲ್ಲಿ ನಿಲ್ಲುತ್ತದೆ. ಸ್ಟೇಶನ್ನು ಪೇಟೆಯಿಂದ ದೂರವಾದ್ದರಿಂದ ರಿಕ್ಷಾ ಹಿಡಿಯಬೇಕು.

ವಸತಿಗೃಹ ಸೇರಿದ ಕೂಡಲೇ ಮಾಡಬೇಕಾದ ಕೆಲಸವೆಂದರೆ ಉಬ್ಬರ-ಇಳಿತಗಳ ಹೊತ್ತನ್ನು ಕೇಳಿ ಬರೆದುಕೊಳ್ಳುವುದು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ; ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ. ಅಮಾವಾಸ್ಯೆ-ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಪಂಚಾಂಗ ನೋಡುವ ನಮ್ಮ ಅಜ್ಜಿಯರಿಗೆ ಈ ಲೆಕ್ಕ ಕಲಿಸಬೇಕಾಗಿಲ್ಲ. ಮೊಮ್ಮಕ್ಕಳಿಗೆ ಅವರೇ ಕಲಿಸಲಿ.

ಮೊದಲ ದಿನ ಊರ ಮುಂದಿನ ದಂಡೆಯೇ ಸಾಕು. ನೀರು ಇಳಿದಾಗ ಒದ್ದೆ ಮರಳಿನ ಮೇಲೆ ಕಿರುಗುಲಗಂಜಿಯಷ್ಟು ಉಂಡೆಗಳನ್ನು ಸಾಲಾಗಿ ಇಟ್ಟಂತೆ ಕಾಣುವುದು. ಸಣ್ಣ ಏಡಿಗಳು ಮರಳಿನೊಳಗಿನ ಆಹಾರವನ್ನು ಹೀರಿ ಉಳಿದುದನ್ನು ಹಾಗೆ ಉಂಡೆಕಟ್ಟಿ ಹಾಕುತ್ತವೆ. ಅಲುಗಾಡದೆ ಕುಳಿತರೆ ಏಡಿಯೂ ಹೊರಬಂದೀತು. ಹುಡುಗರನ್ನು ಅರ್ಧ ಗಂಟೆ ಸುಮ್ಮನೆ ಕೂಡಿಸುವ ಉಪಾಯ ಇದಕ್ಕಿಂತ ಬೇರೆ ಬೇಕೇ? ದೈವವಿದ್ದರೆ ರಂಪಣಿ ಬಲೆ ಎಳೆಯುವುದೂ ಕಣ್ಣಿಗೆ ಬೀಳಬಹುದು. ಊರ ಜನ ಎರಡು ಸಾಲಾಗಿ ನಿಂತು ಹಗ್ಗ ಜಗ್ಗಿ ಬಂಗಡೆ ಮೀನನ್ನು ದಡಕ್ಕೆ ತರುವ ಈ ಪದ್ಧತಿ ಯಾಂತ್ರಿಕ ದೋಣಿಗಳು ಬಂದ ಮೇಲೆ ಬಹಳ ಕಡಿಮೆಯಾಗಿದೆ.

ಈ ದಂಡೆಗೆ ರವೀಂದ್ರನಾಥ ಠಾಕೂರರ ಹೆಸರಿಟ್ಟಿದ್ದಾರೆ. ಅವರ ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಸೇರಿದ ಮೊದಲ ಭಾರತೀಯರು. ಅವರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ಕವಿ ಇಲ್ಲಿಗೆ ಬಂದು ತಂಗಿದ್ದರು. ‘ಪ್ರಕೃತಿರ ಪ್ರತಿಶೋಧ’ ನಾಟಕವನ್ನು ಬರೆದದ್ದು ಇಲ್ಲಿಯೇ. ಅದೇ ದಂಡೆಯ ಮೇಲೆ ನೌಕಾಪಡೆಯಿಂದ ನಿವೃತ್ತವಾದ ‘ಚಪಲ’ ಎಂಬ ಯುದ್ಧನೌಕೆಯನ್ನು ನಿಲ್ಲಿಸಿದ್ದಾರೆ. ಕವಿಗಿಂತ ಅದರ ಮೇಲೆಯೇ ಹುಡುಗರ ಕಣ್ಣು!

ಎರಡನೆಯ ದಿನ ಕಾಳಿ ನದಿಯನ್ನು ದಾಟಿ ಸದಾಶಿವಗಡ. ಸೋಂದೆಯ ಅರಸರ ಕಾಲದ ಕೋಟೆಯ ಗುಡ್ಡವದು. ಮೇಲಿನಿಂದ ನದಿ, ಕಡಲು, ದ್ವೀಪಗಳು ಒಂದೇ ನೋಟಕ್ಕೆ ಸಿಗುತ್ತವೆ. ಇಳಿದು ಬಂದು ದೇವಬಾಗದ ಗಾಳಿಮರಗಳ ನೆರಳಿನಲ್ಲಿ ಬುತ್ತಿ ಬಿಚ್ಚಬಹುದು. ಮೂರನೆಯ ದಿನ ಮಾಜಾಳಿಗೆ ಹೋಗಿ ಅಲ್ಲಿಂದ ಗುಡ್ಡ ಹತ್ತಿಳಿದು ತಿಳಮಾತಿ. ಎಳ್ಳು ಚೆಲ್ಲಿದಂತಹ ಕಪ್ಪು ಮರಳು ಅಲ್ಲಿಯದು. ಹೆಸರೂ ಅದರಿಂದಲೇ ಬಂದದ್ದು. ನಾಲ್ಕನೆಯ ದಿನ ಮೀನುಪೇಟೆ, ಒಂದು ಲೋಟ ಮುರುಗಲು ಶರಬತ್ತು, ಮನಸ್ಸಿಗೆ ಹಿಡಿಸಿದ ದಂಡೆಗೆ ಮತ್ತೊಮ್ಮೆ ಭೇಟಿ.

ಇನ್ನು ಮನೆಯ ಹಿರಿಯರು ಗಮನವಿಟ್ಟು ಓದಬೇಕಾದ ಮಾತು. 2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಕಾರವಾರದ ಬಳಿ ಮಗುಚಿ, ಮಕ್ಕಳೂ ಸೇರಿ ಹತ್ತಕ್ಕಿಂತ ಹೆಚ್ಚು ಜನ ಸತ್ತರು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ನೀರುಪಾಲಾದರು. ‘ನಮ್ಮ ಮಕ್ಕಳು ಜುಹೂ ಕಂಡವರು, ಕಡಲು ಅವರಿಗೆ ಹೊಸದಲ್ಲ’ ಎಂಬ ಧೈರ್ಯ ಬೇಡ.

ಅಲೆಗಳ ಸಾಲಿನ ನಡುವೆ ಒಂದೆಡೆ ನೀರು ಅಲೆಯಿಲ್ಲದೆ ಶಾಂತವಾಗಿ ಕಂಡರೆ ಮಕ್ಕಳು ಅಲ್ಲಿಗೇ ಓಡುತ್ತವೆ. ದಡಕ್ಕೆ ಬಂದ ನೀರು ಕಡಲಿಗೆ ಹಿಂದಿರುಗುವ ಸೆಳವು ಎಷ್ಟೋ ಸಲ ಅಲ್ಲಿಯೇ ಇರುತ್ತದೆ. ಸೆಳವಿಗೆ ಸಿಕ್ಕವನು ದಡದ ಕಡೆಗೆ ಎದುರೀಜಿದರೆ ದಣಿದು ಮುಳುಗುತ್ತಾನೆ. ದಡದ ಉದ್ದಕ್ಕೆ, ಪಕ್ಕಕ್ಕೆ ಈಜಿ, ಸೆಳವಿನಿಂದ ಹೊರಬಿದ್ದ ಮೇಲೆ ದಡಕ್ಕೆ ತಿರುಗಬೇಕು. ಅದಾಗದಿದ್ದರೆ ಅಂಗಾತ ತೇಲುತ್ತ ಕೈಯೆತ್ತಿ ಕೂಗಬೇಕು. ದಡದಲ್ಲಿದ್ದವರು ಹಿಂದೆಮುಂದೆ ನೋಡದೆ ಧುಮುಕುವ ಬದಲು ಹಗ್ಗವನ್ನೋ ಮುಚ್ಚಳ ಬಿಗಿದ ಖಾಲಿ ಡಬ್ಬಿಯನ್ನೋ ಎಸೆದು, ಜೀವರಕ್ಷಕರನ್ನು ಕರೆಯಬೇಕು. ಕಾಳಿಯ ಅಳಿವೆಯಲ್ಲಿ ಸ್ನಾನಕ್ಕೆ ಇಳಿಯಲೇಬಾರದು. ಜೂನಿನಿಂದ ಸೆಪ್ಟೆಂಬರಿನವರೆಗೆ ಕಡಲನ್ನು ದಡದಿಂದಲೇ ನೋಡಿ ತೃಪ್ತಿಪಡಬೇಕು. ದೋಣಿ ಏರುವ ಮುನ್ನ ಎಲ್ಲರಿಗೂ ತೇಲುವ ಅಂಗಿ ಉಂಟೇ ಎಂದು ಕೇಳಿ. ಇಲ್ಲವೆಂದರೆ, ಜನ ಹೆಚ್ಚಾಗಿದ್ದರೆ, ಸಂಕೋಚಪಡದೆ ಇಳಿದುಬಿಡಿ.

ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ಮನೆಯವರಲ್ಲಿ ಒಬ್ಬರು ದಡದಲ್ಲಿ ನಿಂತು ತಲೆ ಎಣಿಸುತ್ತಿರಲಿ. ಕೈಯಲ್ಲಿ ಫೋನು ಬೇಡ, ಪಕ್ಕದವರೊಡನೆ ಹರಟೆಯೂ ಬೇಡ. ಸರದಿಯಂತೆ ಎಲ್ಲರೂ ಆ ಕೆಲಸ ಮಾಡಿದರೆ ಯಾರ ರಜೆಗೂ ಕುಂದಾಗದು.