ಡ್ಯೂಟಿ ಮುಗಿದ ಮೇಲೂ ಬಾಯಿಗೆ ಬೀಗವೇ?

ಮೊನ್ನೆ ನಮ್ಮ ಬ್ರಾಂಚಿನ ಹುಡುಗನೊಬ್ಬ ವಾಟ್ಸಾಪ್ ಸ್ಟೇಟಸ್ ಹಾಕಿದ್ದ. "ಸತತ ಮೂರನೇ ಭಾನುವಾರವೂ ಡ್ಯೂಟಿ. ಮಗಳು ನನ್ನ ಮುಖ ಮರೆತಾಳು." ಇಷ್ಟೇ! ಬ್ಯಾಂಕಿನ ಹೆಸರಿಲ್ಲ, ಯಾರನ್ನೂ ಬೈದಿಲ್ಲ. ಯಾರೋ ಪುಣ್ಯಾತ್ಮರು ಅದರ ಸ್ಕ್ರೀನ್‌ಶಾಟ್ ಮೇಲಿನವರಿಗೆ ಮುಟ್ಟಿಸಿದರು. ಎರಡೇ ದಿನದಲ್ಲಿ ಅವನಿಗೆ ಮೆಮೋ. ಅದಕ್ಕೆ ಸಹಿ ಹಾಕಿ ಕೈಗಿಟ್ಟವನು ನಾನೇ. ಆವತ್ತು ಡೊಂಬಿವಲಿ ಲೋಕಲ್‌ನಲ್ಲಿ ಸೀಟು ಸಿಕ್ಕರೂ ಸಮಾಧಾನ ಸಿಗಲಿಲ್ಲ.

ಮುಂಬಯಿಯ ನಾವು ಪಾಲ್ಘರ್ ಪ್ರಕರಣವನ್ನು ಮರೆತಿಲ್ಲ ತಾನೆ? 2012ರ ನವೆಂಬರ್‌ನಲ್ಲಿ ಬಾಳ ಠಾಕ್ರೆ ತೀರಿಕೊಂಡಾಗ ಊರೆಲ್ಲ ಬಂದ್. ಅದನ್ನು ಪ್ರಶ್ನಿಸಿ ಒಬ್ಬ ಹುಡುಗಿ ಫೇಸ್‌ಬುಕ್‌ನಲ್ಲಿ ಬರೆದಳು, ಇನ್ನೊಬ್ಬಳು ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಅವರ ಮೇಲೆ ಹಾಕಿದ್ದ 66ಎ ಕಲಮನ್ನು 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಆದರೆ ಪೊಲೀಸರ ಕೈಯಿಂದ ಬಿದ್ದ ಆ ಬೆತ್ತವನ್ನು ಈಗ ಆಫೀಸು, ಶಾಲೆಗಳು ಎತ್ತಿಕೊಂಡಿವೆ!

"ಸಂಬಳ ಕೊಡುವ ಸಂಸ್ಥೆಯ ಮಾನ ಕಾಯಬೇಡವೇ?" ಅಂತೀರಿ. ಕಾಯಬೇಕು ಸ್ವಾಮಿ. ಗ್ರಾಹಕರ ಖಾತೆಯ ವಿವರ ಹೊರಗೆ ಬಿಟ್ಟರೆ, ಸಹೋದ್ಯೋಗಿ ಹೆಣ್ಣುಮಕ್ಕಳ ಬಗ್ಗೆ ಅಸಹ್ಯ ಬರೆದರೆ, ಜಾತಿ ಹಿಡಿದು ಹೀಯಾಳಿಸಿದರೆ ಖಂಡಿತ ಕ್ರಮ ಆಗಲಿ. ಇನ್ನೊಬ್ಬರಿಗೆ ಹಾನಿಯಾಗುವುದು ಬೇರೆ, ಸಾಹೇಬರಿಗೆ ಮುಜುಗರವಾಗುವುದು ಬೇರೆ. ಸಂಬಳ ನಮ್ಮ ದುಡಿಮೆಗೆ. ನಾಲಿಗೆಯನ್ನೇನೂ ಒತ್ತೆ ಇಟ್ಟಿಲ್ಲವಲ್ಲ?

ನಮ್ಮ ಸರ್ಕಾರಿ ಬ್ಯಾಂಕ್ ಅಧಿಕಾರಿಗಳ ನಡತೆ ನಿಯಮಾವಳಿ 1976ರದ್ದು. ಲೆಡ್ಜರಿನಲ್ಲಿ ಕೈಬರಹದಿಂದ ಪೋಸ್ಟಿಂಗ್ ಮಾಡುತ್ತಿದ್ದ ಕಾಲದ್ದು. ಅದೇ ಅಳತೆಗೋಲಿನಿಂದ ಇಂದಿನ ಸ್ಟೇಟಸ್ ಅಳೆಯುತ್ತೇವೆ! ತ್ರಿಪುರಾದಲ್ಲಿ ನಿವೃತ್ತಿಗೆ ಕೆಲವೇ ದಿನ ಬಾಕಿಯಿದ್ದ ಸರ್ಕಾರಿ ನೌಕರಳೊಬ್ಬರನ್ನು ರಾಜಕೀಯ ಸಭೆಗೆ ಹೋದದ್ದಕ್ಕೂ ಫೇಸ್‌ಬುಕ್ ಬರಹಕ್ಕೂ ಅಮಾನತು ಮಾಡಿದ್ದರು. ಸರ್ಕಾರಿ ನೌಕರರಿಗೂ ವಾಕ್ ಸ್ವಾತಂತ್ರ್ಯ ಇದೆ ಎಂದು ಅಲ್ಲಿನ ಹೈಕೋರ್ಟು 2020ರ ಜನವರಿಯಲ್ಲಿ ಹೇಳಿ, ಆಕೆಯ ಪರ ತೀರ್ಪು ಕೊಟ್ಟಿತು. ಆದರೆ ಎಲ್ಲರಿಗೂ ಕೋರ್ಟು ಮೆಟ್ಟಿಲು ಹತ್ತುವ ಶಕ್ತಿ ಇರುತ್ತದೆಯೇ? ಇಎಂಐ ಇರುವವನು ತೆಪ್ಪಗಾಗುತ್ತಾನೆ, ಅಷ್ಟೇ.

ಶಾಲೆಗಳದ್ದಂತೂ ಇನ್ನೂ ಅನ್ಯಾಯ. ಹದಿನಾಲ್ಕರ ಹುಡುಗ ಮನೆಯಲ್ಲಿ ಕೂತು ಮೇಷ್ಟ್ರನ್ನು ಗೇಲಿ ಮಾಡಿದರೆ ಕರೆದು ಬುದ್ಧಿ ಹೇಳಿ, ಟಿ.ಸಿ. ಕೊಟ್ಟು ಅವನ ವರ್ಷ ಹಾಳು ಮಾಡಬೇಡಿ. ನಾವೂ ಬೆಂಚಿನ ಮೇಲೆ ಮೇಷ್ಟ್ರ ಅಡ್ಡಹೆಸರು ಕೆತ್ತಿದವರೇ ಅಲ್ವಾ?

ಮೆಮೋಗೆ ಉತ್ತರವನ್ನು ಆ ಹುಡುಗನ ಪಕ್ಕ ಕೂತು ನಾನೇ ಬರೆಸಿದೆ. ಆ ಮೂರು ಭಾನುವಾರಗಳ ಡ್ಯೂಟಿ ಪಟ್ಟಿಯನ್ನೂ ಲಗತ್ತಿಸಿದೆ. ಇನ್ನು ಈ ಬರಹಕ್ಕೂ ಒಂದು ಮೆಮೋ ಬಂದರೆ ಬರಲಿ, ಏನಂತೀರಿ?