ಎಕ್ಸ್-ರೇ ಕೋಣೆಯೊಳಗೆ ನಡೆಯುವುದೇನು?

ಆಟವಾಡುವಾಗ ಮಗು ಬಿದ್ದು ಕೈ ಊದಿಕೊಂಡರೆ ಡಾಕ್ಟರು ಮೊದಲು ಬರೆದುಕೊಡುವುದು ಎಕ್ಸ್-ರೇ ಚೀಟಿಯನ್ನು. ಆಗ ಪೋಷಕರಲ್ಲಿ ಎರಡು ಬಗೆಯವರು ಕಾಣಸಿಗುತ್ತಾರೆ. 'ಮಗುವಿಗೆ ವಿಕಿರಣ ತಾಗುತ್ತದೆ, ಬೇಡವೇ ಬೇಡ' ಎನ್ನುವವರು ಒಂದು ಬಗೆ. 'ಎಕ್ಸ್-ರೇ ಯಾಕೆ ಡಾಕ್ಟ್ರೇ, ಸ್ಕ್ಯಾನನ್ನೇ ಮಾಡಿಸಿಬಿಡಿ, ಒಂದೇ ಸಲಕ್ಕೆ ಎಲ್ಲಾ ಗೊತ್ತಾಗಲಿ' ಎನ್ನುವವರು ಇನ್ನೊಂದು ಬಗೆ. ಇಬ್ಬರದೂ ಮಗುವಿನ ಮೇಲಿನ ಕಾಳಜಿಯೇ. ಆದರೆ ಆ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ತಿಳಿದಿದ್ದರೆ ಇಬ್ಬರೂ ಬೇರೆಯೇ ಪ್ರಶ್ನೆ ಕೇಳುತ್ತಿದ್ದರು. ಅದನ್ನು ತಿಳಿಯಲು ಹೈಸ್ಕೂಲು, ಪಿಯುಸಿಯ ಭೌತಶಾಸ್ತ್ರವೇ ಸಾಕು.

ಹೆಸರಿಲ್ಲದ ಕಿರಣ

ಜರ್ಮನಿಯ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲ್ಹೆಲ್ಮ್ ರಾಂಟ್‌ಜನ್ 1895ರ ನವೆಂಬರ್ 8ರಂದು ಕತ್ತಲೆ ಕೋಣೆಯಲ್ಲಿ ಒಂದು ಪ್ರಯೋಗ ನಡೆಸಿದ್ದರು. ಗಾಳಿ ತೆಗೆದ ಗಾಜಿನ ನಳಿಕೆಯಲ್ಲಿ ವಿದ್ಯುತ್ ಹರಿಸುವ ಪ್ರಯೋಗ ಅದು. ನಳಿಕೆಗೆ ಕಪ್ಪು ರಟ್ಟು ಹೊದಿಸಿದ್ದರೂ ದೂರದಲ್ಲಿದ್ದ, ರಾಸಾಯನಿಕ ಲೇಪಿಸಿದ ಪರದೆಯೊಂದು ಮಿನುಗತೊಡಗಿತು. ರಟ್ಟನ್ನು ತೂರಿಬಂದ ಕಿರಣ ಯಾವುದೆಂದು ಅವರಿಗೆ ಹೊಳೆಯಲಿಲ್ಲ. ಬೀಜಗಣಿತದಲ್ಲಿ ಗೊತ್ತಿಲ್ಲದ ರಾಶಿಗೆ ಇಡುವ 'ಎಕ್ಸ್' ಎಂಬ ಅಕ್ಷರವನ್ನೇ ಅದಕ್ಕೂ ಇಟ್ಟರು. ಕನ್ನಡದಲ್ಲಿ ಅದೇ 'ಕ್ಷ-ಕಿರಣ'ವಾಯಿತು. ಡಿಸೆಂಬರ್ 22ರಂದು ಪತ್ನಿಯ ಕೈಯನ್ನು ಛಾಯಾಚಿತ್ರ ಫಲಕದ ಮೇಲಿರಿಸಿ ಕಿರಣ ಹಾಯಿಸಿದಾಗ ಮೂಳೆಗಳೂ ಬೆರಳಿನ ಉಂಗುರವೂ ಮೂಡಿಬಂದವು. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪಾರಿತೋಷಕ ರಾಂಟ್‌ಜನ್‌ಗೆ ಸಂದಿತು. ತಮ್ಮ ಶೋಧಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ.

ನಳಿಕೆಯೊಳಗಿನ ಓಟ

ಇಂದಿನ ಎಕ್ಸ್-ರೇ ಯಂತ್ರದ ಹೃದಯವೂ ಗಾಳಿ ತೆಗೆದ ನಳಿಕೆಯೇ. ಅದರ ಒಂದು ತುದಿಯಲ್ಲಿ ಟಂಗ್‌ಸ್ಟನ್ ತಂತಿಯಿದೆ. ಹಳೆಯ ಬಲ್ಬಿನೊಳಗಿನ ತಂತಿಯಂಥದ್ದೇ. ಇದು ಋಣಾಗ್ರ. ತಂತಿ ಕಾದಾಗ ಅದರಿಂದ ಇಲೆಕ್ಟ್ರಾನುಗಳು ಹೊರಬೀಳುತ್ತವೆ. ಎದುರಿಗೆ ಟಂಗ್‌ಸ್ಟನ್ ಹೊದಿಕೆಯ ಬಿಲ್ಲೆ, ಇದು ಧನಾಗ್ರ. ಇವೆರಡರ ನಡುವೆ ಸುಮಾರು 40 ಸಾವಿರದಿಂದ 150 ಸಾವಿರ ವೋಲ್ಟ್‌ಗಳಷ್ಟು ವಿದ್ಯುತ್ ಒತ್ತಡ ಕೊಡಲಾಗುತ್ತದೆ. ಮನೆಯ ಪ್ಲಗ್ಗಿನಲ್ಲಿ ಇರುವುದು 230 ವೋಲ್ಟ್ ಮಾತ್ರ! ಈ ಒತ್ತಡದಿಂದ ಇಲೆಕ್ಟ್ರಾನುಗಳು ಭಾರೀ ವೇಗದಲ್ಲಿ ಓಡಿ ಬಿಲ್ಲೆಗೆ ಅಪ್ಪಳಿಸುತ್ತವೆ. ಹಾಗೆ ತಟ್ಟನೆ ತಡೆದಾಗ ಅವುಗಳ ಶಕ್ತಿಯಲ್ಲಿ ನೂರಕ್ಕೆ ಸುಮಾರು 99 ಪಾಲು ಬರೀ ಶಾಖವಾಗುತ್ತದೆ. ಉಳಿದ ಒಂದು ಪಾಲಷ್ಟೇ ಎಕ್ಸ್-ರೇ.

ಇಷ್ಟು ಶಾಖ ತಡೆಯಬೇಕೆಂದೇ ಟಂಗ್‌ಸ್ಟನ್ನನ್ನು ಆರಿಸಿರುವುದು. ಅದು ಕರಗಲು 3,400 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಬಿಸಿ ಬೇಕು. ಸಾಲದೆಂಬಂತೆ, ಏಟು ಒಂದೇ ಜಾಗಕ್ಕೆ ಬೀಳದಿರಲೆಂದು ದೊಡ್ಡ ಯಂತ್ರಗಳಲ್ಲಿ ಬಿಲ್ಲೆಯನ್ನು ನಿಮಿಷಕ್ಕೆ ಸುಮಾರು ಮೂರು ಸಾವಿರ ಸುತ್ತು ಅಥವಾ ಅದಕ್ಕೂ ವೇಗವಾಗಿ ತಿರುಗಿಸುತ್ತಾರೆ. ರೊಟ್ಟಿ ಸೀದುಹೋಗದಂತೆ ಹಂಚಿನ ಮೇಲೆ ತಿರುಗಿಸಿದ ಹಾಗೆ. ಎಕ್ಸ್-ರೇ ತೆಗೆಯುವ ಮುನ್ನ ಕೇಳಿಸುವ 'ಗುಂಯ್' ಎಂಬ ಸದ್ದು ಈ ಬಿಲ್ಲೆಯದು.

ವಿದ್ಯುತ್ ನಿಂತ ಕ್ಷಣವೇ ಕಿರಣವೂ ನಿಲ್ಲುತ್ತದೆ, ಟಾರ್ಚ್ ಆರಿಸಿದಂತೆ. ಕೋಣೆಯ ಗೋಡೆಯಲ್ಲಾಗಲಿ, ಬಟ್ಟೆಯಲ್ಲಾಗಲಿ, ಮಗುವಿನ ಮೈಯಲ್ಲಾಗಲಿ ಅದು ಉಳಿದುಕೊಳ್ಳುವುದಿಲ್ಲ. ಎಕ್ಸ್-ರೇ ತೆಗೆಸಿದ ಮಗುವನ್ನು ಎತ್ತಿಕೊಳ್ಳಲು ಹಿಂಜರಿಯಬೇಕಾಗಿಲ್ಲ.

ಮೂಳೆ ಬೆಳ್ಳಗೇಕೆ?

ಎಕ್ಸ್-ರೇ ಚಿತ್ರವೆಂದರೆ ಒಂದು ನೆರಳು. ಪರಮಾಣು ಸಂಖ್ಯೆ ಹೆಚ್ಚಾದಷ್ಟೂ ವಸ್ತು ಎಕ್ಸ್-ರೇಯನ್ನು ಬಹಳ ಹೆಚ್ಚಾಗಿ ಹೀರುತ್ತದೆ. ಮಾಂಸ, ಚರ್ಮಗಳಲ್ಲಿ ಹೆಚ್ಚಾಗಿರುವುದು ಜಲಜನಕ (1), ಇಂಗಾಲ (6), ಆಮ್ಲಜನಕ (8). ಮೂಳೆಯಲ್ಲಾದರೋ ರಂಜಕ (15) ಮತ್ತು ಕ್ಯಾಲ್ಸಿಯಂ (20) ತುಂಬಿವೆ. ಆದ್ದರಿಂದ ಮೂಳೆ ಕಿರಣವನ್ನು ತಡೆಯುತ್ತದೆ. ಕಿರಣ ತಲುಪದ ಜಾಗ ಚಿತ್ರದಲ್ಲಿ ಬೆಳ್ಳಗಿರುತ್ತದೆ. ಗಾಳಿ ತುಂಬಿದ ಶ್ವಾಸಕೋಶ ಕಪ್ಪಗೆ ಕಾಣುತ್ತದೆ. ಮೂಳೆ ಬಿರುಕು ಬಿಟ್ಟಿದ್ದರೆ ಆ ಸಂದಿಯಲ್ಲಿ ಕಿರಣ ನುಸುಳಿ ಕಪ್ಪು ಗೆರೆ ಮೂಡಬಹುದು. ಸೀಸದ ಸಂಖ್ಯೆ 82. ರಕ್ಷಣೆಯ ಏಪ್ರನ್ ಸೀಸದ್ದೇಕೆ ಎಂಬುದು ಇದರಿಂದಲೇ ತಿಳಿಯುತ್ತದೆ.

ನೆರಳಿಗೊಂದು ಮಿತಿಯೂ ಇದೆ. ಹಿಂದಿನದು ಮುಂದಿನದು ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ. ಅದಕ್ಕಾಗಿಯೇ ಕೈಯನ್ನು ಒಮ್ಮೆ ನೇರವಾಗಿ, ಒಮ್ಮೆ ಪಕ್ಕದಿಂದ ತೆಗೆಯುವುದು. ಈ ತೊಡಕನ್ನು ನೀಗಿದ ಉಪಕರಣ ಸಿ.ಟಿ. ಸ್ಕ್ಯಾನ್. ನಳಿಕೆಯನ್ನೇ ದೇಹದ ಸುತ್ತ ತಿರುಗಿಸಿ, ನೂರಾರು ಕೋನಗಳ ಅಳತೆಗಳನ್ನು ಕಂಪ್ಯೂಟರ್‌ನಿಂದ ಲೆಕ್ಕ ಹಾಕಿಸಿ, ಬ್ರೆಡ್ಡಿನ ಹೋಳುಗಳಂತೆ ಒಳಭಾಗವನ್ನು ತೋರಿಸುತ್ತದೆ. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಈ ಯಂತ್ರದಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನಲ್ಲಿ. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್‌ಗೂ ನೊಬೆಲ್ ದೊರೆಯಿತು.

ಟೆಕ್ನಿಷಿಯನ್ ಕೈಯಲ್ಲಿ ಮೂರು ಅಂಕಿ

ಗುಂಡಿ ಒತ್ತುವ ಮುನ್ನ ಟೆಕ್ನಿಷಿಯನ್ ನಿಗದಿಪಡಿಸುವ ಅಂಕಿಗಳು ಮೂರು. ಕಿಲೋವೋಲ್ಟ್ ಹೆಚ್ಚಿದಷ್ಟೂ ಕಿರಣ ಆಳಕ್ಕೆ ತೂರುತ್ತದೆ. ಮಿಲಿಆಂಪಿಯರ್ ಹೆಚ್ಚಿದರೆ ಕಿರಣದ ಪ್ರಮಾಣ ಹೆಚ್ಚುತ್ತದೆ. ಮೂರನೆಯದು ಸಮಯ. ದಪ್ಪ ದೇಹದವರಿಗೆ ಬೇಕಾದಷ್ಟು ಕಿರಣ ಐದು ವರ್ಷದ ಮಗುವಿಗೆ ಬೇಕಾಗಿಲ್ಲ. ಕಿರಣ ಬೀಳುವ ಜಾಗವನ್ನು ತೋರಿಸುವ ಬೆಳಕಿನ ಚೌಕವನ್ನೂ ಅಗತ್ಯವಿದ್ದಷ್ಟಕ್ಕೆ ಕಿರಿದು ಮಾಡಬೇಕು. 'ಉಸಿರೆಳೆದುಕೊಂಡು ಹಾಗೇ ಹಿಡಿದುಕೊಳ್ಳಿ' ಎನ್ನುವುದು ಶ್ವಾಸಕೋಶ ಅರಳಲಿ, ಅಲುಗದಿರಲಿ ಎಂದು. ಅಲುಗಿದರೆ ಚಿತ್ರ ಮಸುಕಾಗುತ್ತದೆ, ಮತ್ತೊಮ್ಮೆ ತೆಗೆಯಬೇಕಾಗುತ್ತದೆ, ಕಿರಣವೂ ಎರಡರಷ್ಟಾಗುತ್ತದೆ.

ಫಿಲಂ ಬಳಸುತ್ತಿದ್ದ ಕಾಲದಲ್ಲಿ ಕಿರಣ ಅತಿಯಾದರೆ ಫಿಲಂ ಕಪ್ಪಾಗಿ ತಪ್ಪು ಅಲ್ಲೇ ಬಯಲಾಗುತ್ತಿತ್ತು. ಡಿಜಿಟಲ್ ಯಂತ್ರದಲ್ಲಿ ಕಂಪ್ಯೂಟರ್ ಚಿತ್ರವನ್ನು ಸರಿಪಡಿಸಿಬಿಡುತ್ತದೆ. ಕಿರಣ ಹೆಚ್ಚಾಗಿದ್ದರೂ ಚಿತ್ರ ಚೆಂದವಾಗಿಯೇ ಇರುತ್ತದೆ! ಹೀಗಾಗಿ ಇಂದು ಟೆಕ್ನಿಷಿಯನ್ನನ ತಿಳಿವಳಿಕೆಗೆ ಮೊದಲಿಗಿಂತ ಹೆಚ್ಚು ಬೆಲೆ ಬಂದಿದೆ.

ಬೆಲೆ ತೆತ್ತವರು

ತಿಳಿವಳಿಕೆಯಿಲ್ಲದ ಕಾಲದಲ್ಲಿ ಏನಾಯಿತು ಎಂಬುದಕ್ಕೆ ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಸಾಕ್ಷಿ. ಯಂತ್ರ ಪರೀಕ್ಷಿಸಲು ಮತ್ತೆ ಮತ್ತೆ ತನ್ನ ಕೈಯನ್ನೇ ಕಿರಣಕ್ಕೆ ಒಡ್ಡಿದ ಆತ ಕ್ಯಾನ್ಸರಿಗೆ ತುತ್ತಾಗಿ, ತೋಳುಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡ. ಎಡಿಸನ್ ಎಕ್ಸ್-ರೇ ಸಂಶೋಧನೆಯನ್ನೇ ಕೈಬಿಟ್ಟರು. ಆದರೂ 1920ರ ದಶಕದಿಂದ ಅಮೆರಿಕ, ಬ್ರಿಟನ್‌ಗಳ ಚಪ್ಪಲಿ ಅಂಗಡಿಗಳಲ್ಲಿ ಬೂಟು ಸರಿಹೊಂದುತ್ತದೆಯೇ ಎಂದು ಮಕ್ಕಳ ಪಾದಗಳನ್ನು ಎಕ್ಸ್-ರೇಯಲ್ಲಿ ನೋಡುವ ಪೆಟ್ಟಿಗೆಗಳು ಬಂದವು. ಬೂಟು ಹಾಕಿ ನೋಡಿದರೆ ತಿಳಿಯುವ ವಿಷಯಕ್ಕೆ ಎಕ್ಸ್-ರೇ! ಅಪಾಯ ಅರಿವಾಗಿ ಅವು ಮೂಲೆ ಸೇರಿದ್ದು 1950-60ರ ದಶಕಗಳಲ್ಲಿ.

ಹಾಗಾದರೆ ಎಷ್ಟು ಹೆಚ್ಚು, ಎಷ್ಟು ಕಡಿಮೆ? ವಿಕಿರಣದ ಪ್ರಮಾಣವನ್ನು ಮಿಲಿಸೀವರ್ಟ್‌ನಲ್ಲಿ ಅಳೆಯುತ್ತಾರೆ. ನೆಲ, ಆಕಾಶ, ಗಾಳಿ, ಆಹಾರಗಳಿಂದ ಪ್ರಪಂಚದಲ್ಲಿ ಒಬ್ಬರಿಗೆ ವರ್ಷಕ್ಕೆ ಸರಾಸರಿ ಸುಮಾರು 2.4 ಮಿಲಿಸೀವರ್ಟ್ ಹೇಗೂ ತಾಗುತ್ತದೆ. ಎದೆಯ ಒಂದು ಎಕ್ಸ್-ರೇಗೆ 0.1 ಅಥವಾ ಅದಕ್ಕೂ ಕಡಿಮೆ. ಕೈಯ ಎಕ್ಸ್-ರೇಗೆ ಇನ್ನೂ ಕಡಿಮೆ. ಆದರೆ ದೊಡ್ಡವರ ಹೊಟ್ಟೆಯ ಸಿ.ಟಿ. ಸ್ಕ್ಯಾನ್‌ಗೆ ಇದು ಹತ್ತರ ಆಸುಪಾಸು. ಎಂದರೆ ಎದೆಯ ನೂರು ಎಕ್ಸ್-ರೇಗಳಷ್ಟು! ಮಕ್ಕಳ ಜೀವಕೋಶಗಳು ಬೇಗಬೇಗ ವಿಭಜಿಸುತ್ತಿರುವುದರಿಂದಲೂ ಮುಂದೆ ಬಾಳಬೇಕಾದ ವರ್ಷಗಳು ಹೆಚ್ಚಿರುವುದರಿಂದಲೂ ಅವರ ವಿಷಯದಲ್ಲಿ ಎಚ್ಚರ ಹೆಚ್ಚಿರಬೇಕು.

ಕೇಳಬೇಕಾದ ಪ್ರಶ್ನೆ

ಮೂಳೆ ಮುರಿದಿದೆಯೆಂಬ ಅನುಮಾನವಿದ್ದಾಗ ಎಕ್ಸ್-ರೇ ಬೇಡವೆಂದರೆ ಮೂಳೆ ಸೊಟ್ಟಗೆ ಕೂಡಿ ಜೀವಮಾನದ ಊನವಾಗಬಹುದು. ತಲೆಗೆ ಜೋರು ಪೆಟ್ಟಾಗಿ ಡಾಕ್ಟರು ಸಿ.ಟಿ. ಬೇಕೆಂದರೆ ತಡಮಾಡುವುದು ಅದಕ್ಕಿಂತ ದೊಡ್ಡ ಅಪಾಯ. ತುರ್ತಿಲ್ಲದಾಗ ಮಾತ್ರ ವಿನಯದಿಂದ ಕೇಳಿ: 'ಇದರಿಂದ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುತ್ತದೆಯೇ? ಅಲ್ಟ್ರಾಸೌಂಡ್ ಸಾಕಾಗುವುದೇ?' ಅಲ್ಟ್ರಾಸೌಂಡಿನಲ್ಲಿ ಬಳಸುವುದು ಶಬ್ದದ ಅಲೆ, ಎಂ.ಆರ್.ಐ.ಯಲ್ಲಿ ಅಯಸ್ಕಾಂತ ಮತ್ತು ರೇಡಿಯೋ ಅಲೆ. ಎರಡರಲ್ಲೂ ಎಕ್ಸ್-ರೇ ಇಲ್ಲ. ಹಳೆಯ ಫಿಲಂ, ಸಿ.ಡಿ.ಗಳನ್ನು ಎಸೆಯದೆ ಜೊತೆಗೆ ಒಯ್ಯಿರಿ. ಮತ್ತೆ ತೆಗೆಸುವುದು ತಪ್ಪಬಹುದು. ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಬೇಕು. ಅಂಥವರು ಮಗುವನ್ನು ಹಿಡಿದುಕೊಳ್ಳಲು ಒಳಗೆ ಹೋಗಬಾರದು. ಬೇರೆಯವರು ಹಿಡಿಯುವುದಾದರೂ ಸೀಸದ ಏಪ್ರನ್ ಕೇಳಿ ಹಾಕಿಕೊಳ್ಳಬೇಕು. ಭಾರತದಲ್ಲಿ ಎಕ್ಸ್-ರೇ ಯಂತ್ರ ನಡೆಸಲು 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಅನುಮತಿ ಇದೆಯೇ ಎಂದು ಕೇಳಿದರೆ ತಪ್ಪೇನೂ ಇಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು. ದೂರ ಎರಡರಷ್ಟಾದರೆ ಕಿರಣದ ತೀವ್ರತೆ ನಾಲ್ಕನೇ ಒಂದರಷ್ಟಾಗುತ್ತದೆ ಎಂಬ ವಿಲೋಮ ವರ್ಗ ನಿಯಮ ಪರೀಕ್ಷೆಯ ಎರಡು ಅಂಕಕ್ಕಾಗಿ ಮಾತ್ರ ಇರುವುದಲ್ಲ. ಟೆಕ್ನಿಷಿಯನ್ ದೂರ ಸರಿದು ಗೋಡೆಯ ಹಿಂದೆ ನಿಲ್ಲುವುದರಲ್ಲಿ ಆ ನಿಯಮವೂ ಸೇರಿದೆ. ವಿಜ್ಞಾನ ಓದಿದವರಿಗೆ ಪಿಯುಸಿ ನಂತರ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿಯಲ್ಲಿ ಬಿಎಸ್ಸಿ ಓದುವ ಅವಕಾಶ ನಮ್ಮ ರಾಜ್ಯದಲ್ಲೇ ಇದೆ. ಇಂದು ಪಾಠದಲ್ಲಿ ವೋಲ್ಟು, ಆಂಪಿಯರುಗಳನ್ನು ಸರಿಯಾಗಿ ತಿಳಿದುಕೊಂಡ ಹುಡುಗಿಯೊಬ್ಬಳು ನಾಳೆ ಆ ಮೂರು ಅಂಕಿಗಳನ್ನು ಇಡುವಾಗ, ಮೇಜಿನ ಮೇಲೆ ಮಲಗಿದ ಮಗುವಿಗೆ ಎಷ್ಟು ಬೇಕೋ ಅಷ್ಟೇ ಕಿರಣ ಬೀಳುತ್ತದೆ.