ಅರಮನೆಗೂ ಒಂದು ಕೆಲಸ ಬೇಕು

ಹೋದ ತಿಂಗಳು ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ದೊಡ್ಡಪ್ಪ ಒಂದು ಮೆಸೇಜ್ ಹಾಕಿದ್ರು: ‘ಊರಿನ ಮನೆಗೆ ಪಾರ್ಟಿ ಬಂದಿದೆ. ಎಲ್ಲರೂ ಅಭಿಪ್ರಾಯ ತಿಳಿಸಿ.’ ದಿನಾ ಬೆಳಗ್ಗೆ ಗುಡ್ ಮಾರ್ನಿಂಗ್ ಹೂವಿಗೆ ಇಪ್ಪತ್ತು ಜನ ಕೈ ಮುಗಿಯೋ ಗ್ರೂಪು ಅದು. ಇದಕ್ಕೆ ಮಾತ್ರ ಬರೀ ನೀಲಿ ಟಿಕ್ಕು.

ಆಮೇಲೆ ಗೊತ್ತಾಯ್ತು, ಆ ಪಾರ್ಟಿಗೆ ಮನೆ ಬೇಕಾಗಿಲ್ಲ. ತೊಟ್ಟಿಯ ಸುತ್ತ ಇರೋ ಕಂಬಗಳು, ತಲೆಬಾಗಿಲು ಇಷ್ಟೇ ಸಾಕಂತೆ. ಯಾವುದೋ ರೆಸಾರ್ಟಿಗೆ. ಅಜ್ಜಿ ಒರಗಿಕೊಂಡು ಬತ್ತಿ ಹೊಸೀತಿದ್ದ ಕಂಬಕ್ಕೆ ಇನ್ನು ಯಾರೋ ಒರಗಿ ಸೆಲ್ಫಿ ತಗೋತಾರೆ ಅಂತ ಸಿಟ್ಟು ಬಂತು. ಆದ್ರೆ ನಾನೇ ಆ ಮನೆಗೆ ಕಾಲಿಟ್ಟು ನಾಲ್ಕು ವರ್ಷ ಆಗಿತ್ತು. ಸಿಟ್ಟು ಮಾಡ್ಕೊಳ್ಳೋ ಹಕ್ಕು ನನಗೆಲ್ಲಿದೆ?

ಅದೇ ವಾರ ಗೆಳೆಯನ ಮದುವೆಗೆ ಮೈಸೂರಿಗೆ ಹೋಗಿದ್ದೆ. ಮಾನಸಗಂಗೋತ್ರಿಯ ದಾರಿಯಲ್ಲಿ ಜಯಲಕ್ಷ್ಮೀವಿಲಾಸದ ಮುಂದೆ ಬೈಕ್ ನಿಲ್ಲಿಸಿದೆ. ಸ್ಕೂಲ್ ಟೂರಿನಲ್ಲಿ ಒಳಗೆ ಹೋಗಿದ್ದು, ಕಲ್ಯಾಣ ಮಂಟಪದ ಮೇಲಿನ ಬಣ್ಣದ ಗಾಜಿನ ಗುಮ್ಮಟ ನೋಡ್ತಾ ಬಾಯಿ ತೆರೆದು ನಿಂತಿದ್ದು ನೆನಪಾಯ್ತು.

1905ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿಸಿದ ಮನೆ ಇದು. ರಾಜರ ಆಳ್ವಿಕೆ ಮುಗಿದ ಮೇಲೆ ಇಂಥ ದೊಡ್ಡ ಮನೆಗಳನ್ನೆಲ್ಲ ಏನು ಮಾಡೋದು ಅನ್ನೋ ಪ್ರಶ್ನೆ ಬಂತು. ಕುವೆಂಪು ಕುಲಪತಿಗಳಾಗಿದ್ದಾಗ, 1959ರಲ್ಲಿ, ವಿಶ್ವವಿದ್ಯಾನಿಲಯ ಇದನ್ನ 10 ಲಕ್ಷ ರೂಪಾಯಿಗೆ ಕೊಂಡಿತು. ರಾಜಕುಮಾರಿಯ ಮನೆ ಸ್ನಾತಕೋತ್ತರ ವಿದ್ಯಾರ್ಥಿಗಳದ್ದಾಯ್ತು. ಮುಂದೆ ಅಲ್ಲೇ ಜಾನಪದ ವಸ್ತುಸಂಗ್ರಹಾಲಯ ಬಂತು. ಹಳ್ಳಿಯವರ ನೇಗಿಲು, ಒನಕೆ, ತೊಗಲುಗೊಂಬೆ, ಸೋಮನ ಮುಖವಾಡಗಳು ರಾಜಮನೆತನದ ಕೋಣೆಗಳಲ್ಲಿ ಜಾಗ ಮಾಡಿಕೊಂಡವು. ಹಳೇ ಮನೆಗೆ ಇದಕ್ಕಿಂತ ಚೆಂದದ ಎರಡನೇ ಬದುಕು ಇದೆಯಾ ಅನ್ಸುತ್ತೆ.

ಆದ್ರೆ ಕಥೆ ಅಲ್ಲಿಗೇ ಮುಗೀಲಿಲ್ಲ. ಮನೆ ಸೊರಗಿತು. ಇನ್ಫೋಸಿಸ್ ಪ್ರತಿಷ್ಠಾನದ 1.17 ಕೋಟಿ ರೂಪಾಯಿ ನೆರವಿನಿಂದ ದುರಸ್ತಿಯಾಗಿ 2006ರಲ್ಲಿ ಮತ್ತೆ ಹೊಳೆಯಿತು. ಕೆಲವು ವರ್ಷ ಕಳೆದ ಮೇಲೆ ಸೋರಿಕೆ, ಬಿರುಕು ಅಂತ ಮತ್ತೆ ಪೇಪರಿನಲ್ಲಿ ಸುದ್ದಿ.

ನಮ್ಮ ಕೆಲಸದಲ್ಲೂ ಇದೇ ಕಥೆ. ಹೊಸ ಸಾಫ್ಟ್‌ವೇರ್ ಲೈವ್ ಆದ ದಿನ ಕೇಕ್ ಕಟ್ ಮಾಡ್ತಾರೆ, ಫೋಟೋ ತೆಗೀತಾರೆ. ರಾತ್ರಿ ಎರಡು ಗಂಟೆಗೆ ಅದು ಕೆಟ್ಟಾಗ ಯಾರು ಎದ್ದು ಕೂರ್ತಾರೆ ಅನ್ನೋದನ್ನ ಆವತ್ತು ಯಾರೂ ಕೇಳಲ್ಲ. ಹಳೇ ಕಟ್ಟಡ ಕೊಳ್ಳೋದೂ ಹಾಗೇ. ಗಾರೆ, ಮರ, ಹೆಂಚಿನ ಕಟ್ಟಡಕ್ಕೆ ಇಪ್ಪತ್ತು ವರ್ಷಕ್ಕೊಮ್ಮೆ ಕೋಟಿ ಸುರಿದರೆ ಸಾಲದು, ಪ್ರತಿ ಮಳೆಗಾಲದ ಮುಂಚೆ ಮೇಲೆ ಹತ್ತಿ ನೋಡೋ ಒಬ್ಬ ಮನುಷ್ಯ ಬೇಕು. ಒಂದು ಹೆಂಚು ಸರಿದರೆ ನೀರು ಇಳಿಯುತ್ತೆ. ನೀರು ಇಳಿದ ಕಡೆ ಮರ ಕೊಳೆಯುತ್ತೆ, ಗೆದ್ದಲು ಬರುತ್ತೆ.

ಇದೇ ಮೈಸೂರಿನ ಚೆಲುವಾಂಬ ಮ್ಯಾನ್ಶನ್ ನೋಡಿ. ಅದೂ ರಾಜಕುಮಾರಿಯ ಮನೆಯೇ. 1950ರಲ್ಲಿ ಸಿಎಫ್‌ಟಿಆರ್‌ಐ, ಅಂದ್ರೆ ಆಹಾರ ಸಂಶೋಧನಾಲಯ, ಅಲ್ಲಿ ಶುರುವಾಯ್ತು, ಇವತ್ತಿಗೂ ಅಲ್ಲೇ ಇದೆ. ದಿನಾ ಜನ ಓಡಾಡೋ ಕಡೆ ಚಾವಣಿ ಸೋರಿದರೆ ಅವತ್ತೇ ಯಾರ ಕಣ್ಣಿಗಾದರೂ ಬೀಳುತ್ತೆ. ಯಾದವಗಿರಿಯ ಆರ್.ಕೆ. ನಾರಾಯಣ್ ಮನೆಯಂತೂ ಕೂದಲೆಳೆಯಲ್ಲಿ ಉಳೀತು. 2011ರಲ್ಲಿ ಕೆಡವೋಕೆ ಶುರು ಮಾಡಿಯೇ ಬಿಟ್ಟಿದ್ರು. ಜನ ದನಿ ಎತ್ತಿದ್ದಕ್ಕೆ ನಿಂತಿತು. ಪಾಲಿಕೆ ಕೊಂಡು, ದುರಸ್ತಿ ಮಾಡಿಸಿ, 2016ರಲ್ಲಿ ಮ್ಯೂಸಿಯಂ ಮಾಡಿತು.

ನಮ್ಮದು ಅರಮನೆಯಲ್ಲ, ನಾರಾಯಣ್ ಅವರಂಥ ಹೆಸರು ಮಾಡಿದವರೂ ನಮ್ಮಲ್ಲಿಲ್ಲ. ಅದಕ್ಕಾಗಿ ಯಾವ ಪಾಲಿಕೆಯೂ ಬರಲ್ಲ. ಬೆಂಗಳೂರಿಗೆ ವಾಪಸ್ ಬಂದು ಗ್ರೂಪಿನಲ್ಲಿ ಬರೆದೆ: ‘ಮಾರೋದಾದ್ರೆ ಇಡೀ ಮನೆ ಬೇಕು ಅನ್ನೋರಿಗೆ ಮಾರೋಣ. ಅಂಥವರು ಸಿಗೋವರೆಗೂ ಊರಿನ ಮಕ್ಕಳಿಗೆ ಸಂಜೆ ಓದೋಕೆ ಪಡಸಾಲೆ ಬಿಟ್ಟುಕೊಡೋಣ. ದೀಪ ಹಚ್ಚೋರಾದ್ರೂ ಇರ್ತಾರೆ.’

ಒಬ್ಬ ಕಸಿನ್ ಹೆಬ್ಬೆರಳು ಒತ್ತಿದ. ಇನ್ನೊಬ್ಬಳು ‘ಕರೆಂಟ್ ಬಿಲ್ ಯಾರು ಕಟ್ಟೋದು?’ ಅಂದ್ಲು. ನ್ಯಾಯವಾದ ಪ್ರಶ್ನೆ. ಸದ್ಯಕ್ಕೆ ನಾನು ಅಂದೆ. ರಾತ್ರಿ ಹನ್ನೊಂದಕ್ಕೆ ದೊಡ್ಡಪ್ಪನ ಉತ್ತರ ಬಂತು: ‘ಅದೆಲ್ಲ ಸರಿ. ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು. ಯಾರು ಬರ್ತೀರಿ?’

ಮತ್ತೆ ನೀಲಿ ಟಿಕ್ಕು. ನಾನು ಎರಡು ದಿನ ರಜೆ ಹಾಕಿದ್ದೀನಿ.

ಅಂದ ಹಾಗೆ, ನಿಮ್ಮೂರಿನ ಮನೆ ಬೀಗದ ಕೈ ಈಗ ಯಾರ ಹತ್ರ ಇದೆ?